ಕೈಗುಣವೂ ಗಾಜಿನ ಪರದೆಯೂ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಊಟವನ್ನು ರೋಗದ ಪಕ್ಕದಲ್ಲಿಯೂ ಮಾತನ್ನು ಜಗಳದ ಪಕ್ಕದಲ್ಲಿಯೂ ಇಟ್ಟ ಅವರ ವಿಂಗಡಣೆ ಬಹುಕಾಲ ಸರಿಯಾಗಿಯೇ ನಡೆದುಬಂದಿತ್ತು. ಜಡ್ಡಿನಲ್ಲಿ ಬಿದ್ದವನು ವೈದ್ಯನ ಮುಂದೆ ಹೋಗಿ ಕುಳಿತರೆ ಸಾಕಾಗಿತ್ತು. ಅವನ ಪರವಾಗಿ ಅವನ ನಾಡಿಯೂ ನಾಲಗೆಯ ಬಣ್ಣವೂ ಕಾಲಿನ ಬಾವೂ ಸಾಕ್ಷಿ ನುಡಿಯುತ್ತಿದ್ದವು. ಮಾತು ಬಾರದವನೂ ಗುಣಹೊಂದಿ ಮನೆಗೆ ಮರಳುತ್ತಿದ್ದನು. ಈಚಿನ ವರ್ಷಗಳಲ್ಲಿ ಈ ವಿಂಗಡಣೆ ಕದಲಿದೆ. ವೈದ್ಯನು ಒಂದು ಊರಿನಲ್ಲಿ, ರೋಗಿಯು ಇನ್ನೊಂದು ಊರಿನಲ್ಲಿ ಕುಳಿತು, ನಡುವೆ ಅಂಗೈಯಗಲದ ಗಾಜಿನ ಪರದೆಯೊಂದನ್ನು ಇಟ್ಟುಕೊಂಡು ನಡೆಸುವ ವಿಡಿಯೋ ಭೇಟಿಯಲ್ಲಿ, ಮಾತು ಬಲ್ಲವನಿಗೇ ಮದ್ದು ಎಂಬ ಸ್ಥಿತಿ ಬಂದಿದೆ. ಸಾಹಿತ್ಯದ ಪುಟದಲ್ಲಿ ವೈದ್ಯದ ವಿಚಾರವೇಕೆ ಎಂದು ವಾಚಕರು ಕೇಳಿಯಾರು. ರೋಗವು ಭಾಷೆಯ ವಿಷಯವಾದ ಮೇಲೆ ಅದು ಭಾಷೆಯನ್ನು ಓದುವ, ಕಲಿಸುವ ನಮ್ಮೆಲ್ಲರ ವಿಷಯವೂ ಆಯಿತೆಂಬುದೇ ನನ್ನ ಉತ್ತರ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವೆನು. 2020ರ ಮಾರ್ಚ್ 25ರಂದು, ಸೋಂಕಿನ ಭಯದಿಂದ ದೇಶವೆಲ್ಲ ಬಾಗಿಲಿಕ್ಕಿಕೊಂಡ ದಿನವೇ, ದೂರದಿಂದ ಚಿಕಿತ್ಸೆ ನೀಡುವ ವೈದ್ಯರಿಗಾಗಿ ಮಾರ್ಗಸೂಚಿಗಳು ಹೊರಬಿದ್ದವು. ಅದೇ ವರ್ಷ ಏಪ್ರಿಲ್ 13ರಂದು ಕೇಂದ್ರ ಆರೋಗ್ಯ ಇಲಾಖೆಯು ‘ಇ-ಸಂಜೀವನಿ ಒಪಿಡಿ’ ಎಂಬ ಉಚಿತ ಸೇವೆಯನ್ನು ತೆರೆಯಿತು. ಮನೆಯಲ್ಲಿದ್ದವನು ತನ್ನ ಫೋನಿನಲ್ಲಿಯೇ ವೈದ್ಯರನ್ನು ಕಾಣುವಂತಾಯಿತು. ಇದರ ಇನ್ನೊಂದು ಕವಲು 2019ರ ನವೆಂಬರಿನಲ್ಲಿಯೇ ಆರಂಭವಾಗಿತ್ತು. ಅಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದ ಸಿಬ್ಬಂದಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರೊಡನೆ ಮಾತನಾಡುತ್ತಾರೆ. ಮೊಹಾಲಿಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಈ ವ್ಯವಸ್ಥೆಯ ಮೂಲಕ 2023ರ ಫೆಬ್ರುವರಿಯ ಹೊತ್ತಿಗೆ ದೇಶದಲ್ಲಿ 10 ಕೋಟಿ ಸಮಾಲೋಚನೆಗಳು ನಡೆದಿದ್ದವು. ಸರಕಾರದ ಏರ್ಪಾಡಿನ ಹೊರಗೂ ಪೇಟೆಯ ಖಾಸಗಿ ವೈದ್ಯರು ತಮ್ಮ ಹಳೆಯ ರೋಗಿಗಳೊಡನೆ ವಾಟ್ಸ್ಯಾಪಿನಲ್ಲಿ ಮುಖ ನೋಡಿ ಮಾತನಾಡುವುದು ಈಗ ಅಪರೂಪವಲ್ಲ. ರಾಮಾಯಣದ ಹನುಮಂತನು ಸಂಜೀವನಿಯ ಗಿಡವನ್ನು ಗುರುತಿಸಲಾರದೆ ಬೆಟ್ಟವನ್ನೇ ಹೊತ್ತು ತಂದನಷ್ಟೆ. ಈ ಹೊಸ ಸಂಜೀವನಿಯಲ್ಲಿಯೂ ಬೆಟ್ಟವನ್ನು ತಂದದ್ದಾಗಿದೆ. ಅದರೊಳಗೆ ಈ ರೋಗಿಗೆ, ಈ ಹೊತ್ತಿಗೆ ತಕ್ಕದ್ದನ್ನು ಗುರುತಿಸುವ ಕೆಲಸವಷ್ಟೇ ಕಠಿಣವಾಗಿ ಉಳಿದಿದೆ.

ನಮ್ಮ ಗದಗ ಜಿಲ್ಲೆಯ ನೆಲವನ್ನು ಬಲ್ಲವರು ಈ ಏರ್ಪಾಡನ್ನು ಹಗುರವಾಗಿ ಕಾಣಲಾರರು. 1997ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆಗೆ ಈಗ ತನ್ನದೇ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಗದಗ-ಬೆಟಗೇರಿಯಲ್ಲಿ ತಜ್ಞರೂ ಇದ್ದಾರೆ. ಆದರೆ ಮುಂಡರಗಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಹಳ್ಳಿಯವನಿಗೆ, ಶಿರಹಟ್ಟಿ ತಾಲೂಕಿನಲ್ಲಿ ಕಪ್ಪತಗುಡ್ಡದ ಮಗ್ಗುಲಿನ ಹಳ್ಳಿಯವನಿಗೆ ತಜ್ಞರನ್ನು ಕಾಣುವುದೆಂದರೆ ಹೋಗುವ ಬಸ್ಸು, ಬರುವ ಬಸ್ಸು, ತನ್ನ ಒಂದು ದಿನದ ಕೂಲಿ, ಜೊತೆಗೆ ಬಂದವನ ಒಂದು ದಿನದ ಕೂಲಿ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಕೂಲಿಯ ದಿನವನ್ನು ಉಚಿತವಾಗಿ ಕೊಡುವವರಿಲ್ಲ. ಹೆಸರು ಬಿಡಿಸುವ ಕಾಲದಲ್ಲಿ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ “ರಾಶಿ ಮುಗೀಲಿ, ಆಮ್ಯಾಲೆ ತೋರಿಸಿದರಾತು” ಎಂಬ ಮಾತನ್ನು ನಾವು ಪ್ರತಿ ವರ್ಷ ಕೇಳುತ್ತೇವೆ. ಹಾಗೆ ಮುಂದೂಡಿದ ಕೆಮ್ಮು, ಮುಂದೂಡಿದ ಕಾಲಿನ ಹುಣ್ಣು ರಾಶಿ ಮುಗಿಯುವವರೆಗೆ ಕಾಯುವುದಿಲ್ಲವೆಂಬುದು ವೈದ್ಯರಿಗಿಂತ ಮೊದಲು ಮನೆಯವರಿಗೇ ಅನುಭವಕ್ಕೆ ಬರುತ್ತದೆ. ಇಂಥವರಿಗೆ ಹೊಲದ ಬದುವಿನಲ್ಲಿಯೇ ವೈದ್ಯನ ಮುಖ ಕಾಣಿಸುವುದಾದರೆ ಅದನ್ನು ಬೇಡವೆನ್ನಲು ನಾವು ಯಾರು?

ಹೀಗಿದ್ದೂ ಜನರ ಮನಸ್ಸು ಪೂರ್ತಿಯಾಗಿ ಒಪ್ಪಿಲ್ಲ. ಅದಕ್ಕೆ ಕಾರಣ ನಮ್ಮ ಭಾಷೆಯ ಒಂದು ಶಬ್ದದಲ್ಲಿಯೇ ಇದೆ: ಕೈಗುಣ. “ಆ ಡಾಕ್ಟರ ಕೈಗುಣ ಚಲೋ ಐತಿ” ಎಂದು ಬೆಟಗೇರಿಯ ನೇಕಾರನೂ ಹೇಳುತ್ತಾನೆ, ಲಕ್ಷ್ಮೇಶ್ವರದ ವ್ಯಾಪಾರಿಯೂ ಹೇಳುತ್ತಾನೆ. ಗುಳಿಗೆ ಅದೇ, ಅಂಗಡಿ ಅದೇ, ಬೆಲೆಯೂ ಅದೇ. ಆದರೂ ಒಬ್ಬರು ಕೊಟ್ಟದ್ದು ಹಿಡಿಸುತ್ತದೆ, ಇನ್ನೊಬ್ಬರು ಕೊಟ್ಟದ್ದು ಹಿಡಿಸುವುದಿಲ್ಲ. ಕಲಿತವರು ಇದನ್ನು ಮೂಢನಂಬಿಕೆಯೆಂದು ನಕ್ಕುಬಿಡುವುದುಂಟು. ವಿಚಾರಿಸಿ ನೋಡಿದರೆ ಈ ಶಬ್ದದಲ್ಲಿ ನಂಬಿಕೆಯ ಪಾಲಿಗಿಂತ ಅನುಭವದ ಪಾಲೇ ಹೆಚ್ಚು. ಮನೆತನದ ವೈದ್ಯನು ತಂದೆಯ ದಮ್ಮನ್ನು ಕಂಡವನು, ಮಗನ ಬಾಲ್ಯದ ಜ್ವರವನ್ನು ಕಂಡವನು. ಯಾರು ಗುಳಿಗೆಯನ್ನು ಅರ್ಧಕ್ಕೇ ಬಿಡುತ್ತಾರೆ, ಯಾರು ನೋವನ್ನು ಹೆಚ್ಚಿಸಿ ಹೇಳುತ್ತಾರೆ, ಯಾರು ನುಂಗಿಕೊಳ್ಳುತ್ತಾರೆ ಎಂಬುದು ಅವನಿಗೆ ಗೊತ್ತು. “ಯಾಕ ಯವ್ವಾ, ಬಿಪಿ ಗುಳಿಗಿ ಬಿಟ್ಟೀ ಏನು?” ಎಂದು ಅವನು ಕೇಳಿದರೆ ಆಕೆ ಸುಳ್ಳು ಹೇಳಲಾರಳು. ಕೈಗುಣವೆಂದು ನಾವು ಕರೆಯುವುದು ಬಹುಪಾಲು ಈ ನೆನಪಿನ ಗುಣವನ್ನೇ. ಕೈ ಮುಟ್ಟುವಾಗ ಈ ನೆನಪೂ ಜೊತೆಯಲ್ಲಿ ಮುಟ್ಟುತ್ತದೆ.

ನಮ್ಮ ಪ್ರಾಚೀನ ವೈದ್ಯಶಾಸ್ತ್ರವು ರೋಗಿಯ ಪರೀಕ್ಷೆಯನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ಬಗೆಯಾಗಿ ವಿಂಗಡಿಸಿತು. ನೋಡುವುದು, ಮುಟ್ಟುವುದು, ಕೇಳುವುದು. ಈ ಅಳತೆಗೋಲಿನಿಂದ ವಿಡಿಯೋ ಭೇಟಿಯನ್ನು ಅಳೆದರೆ ದರ್ಶನವು ಅರ್ಧವಾಗಿ, ಸ್ಪರ್ಶನವು ಶೂನ್ಯವಾಗಿ, ಪ್ರಶ್ನವೊಂದೇ ಇಡಿಯಾಗಿ ಉಳಿಯುತ್ತದೆ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಓದಿದವರಿಗೆ ಇಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನ ‘ಗೋವೈದ್ಯ’ ನೆನಪಾಗದಿರದು. ದನದ ವೈದ್ಯನಿಗೆ ಪ್ರಶ್ನವೆಂಬ ಸಾಧನವೇ ಇಲ್ಲ. ಮೂಕಪ್ರಾಣಿಯನ್ನು ನೋಡಿ, ಮುಟ್ಟಿಯೇ ಅವನು ತಿಳಿಯಬೇಕು. ವಿಡಿಯೋದ ವೈದ್ಯನ ಪಾಡು ಇದಕ್ಕೆ ತೀರ ತಿರುವುಮುರುವಾದದ್ದು. ಮುಟ್ಟಲು ಅವನಿಗೆ ಕೈಯಿಲ್ಲ, ಕೇಳಿಯೇ ತಿಳಿಯಬೇಕು. ಆದ್ದರಿಂದ ಅವನ ಮುಂದೆ ಮೂಕನಾಗಿ ಕುಳಿತವನಿಗೆ ಮೂಕಪ್ರಾಣಿಗಿರುವಷ್ಟು ಅನುಕೂಲವೂ ಇಲ್ಲವಾಗುತ್ತದೆ.

ಇನ್ನು ರೋಗಿಗಳ ಅನುಭವಕ್ಕೆ ಬರೋಣ. ನೆರೆಹೊರೆಯಲ್ಲಿ, ವಿದ್ಯಾರ್ಥಿಗಳ ಮನೆಗಳಲ್ಲಿ, ಬಸ್ಸಿನ ನಿಲ್ದಾಣದಲ್ಲಿ ಕಿವಿಗೆ ಬೀಳುವ ಮಾತುಗಳನ್ನು ಒಟ್ಟುಗೂಡಿಸಿದರೆ ಮೆಚ್ಚುಗೆಯೂ ಇದೆ, ಅಸಮಾಧಾನವೂ ಇದೆ. ಮೆಚ್ಚುಗೆಯನ್ನು ಮೊದಲು ಹೇಳುವುದು ನ್ಯಾಯ. ಸಕ್ಕರೆ ಕಾಯಿಲೆಯ ಹಳೆಯ ರೋಗಿಯೊಬ್ಬನು ತಿಂಗಳಿಗೊಮ್ಮೆ ಪೇಟೆಗೆ ಹೋಗಿ, ಅರ್ಧ ದಿನ ಕಾದು, “ಅದನ್ನೇ ಮುಂದುವರಿಸಿರಿ” ಎಂಬ ಎರಡು ಶಬ್ದಗಳನ್ನು ಕೇಳಿಕೊಂಡು ಬರುತ್ತಿದ್ದನು. ಈಗ ರಕ್ತಪರೀಕ್ಷೆಯ ಚೀಟಿಯ ಚಿತ್ರವನ್ನು ತನ್ನ ವೈದ್ಯರಿಗೆ ಕಳಿಸಿ ಅದೇ ಎರಡು ಶಬ್ದಗಳನ್ನು ಮನೆಯಲ್ಲಿಯೇ ಕೇಳುತ್ತಾನೆ. ಕೂಸಿನ ಕೆಮ್ಮಿಗೆ ಗಾಬರಿಗೊಂಡ ತಾಯಿಗೆ ವೈದ್ಯರು ಅಂಗಿ ಎತ್ತಿ ತೋರಿಸಲು ಹೇಳಿ, ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುವುದನ್ನು ಕಂಡು, “ಈಗಲೇ ಹೊರಡಿರಿ, ಬೆಳಗಿನತನಕ ತಡೀಬ್ಯಾಡ್ರಿ” ಎಂದದ್ದುಂಟು. ಇಲ್ಲಿ ಪರದೆಯು ಚಿಕಿತ್ಸೆಯನ್ನು ಕೊಡಲಿಲ್ಲ. ಎಷ್ಟು ಬೇಗ ದವಾಖಾನೆ ಸೇರಬೇಕೆಂಬುದನ್ನು ಹೇಳಿತು. ಅದೇನು ಸಣ್ಣ ಉಪಕಾರವೇ?

ಮನಸ್ಸಿನ ಬೇನೆಯ ವಿಷಯದಲ್ಲಂತೂ ದೂರವೇ ಆಸರೆಯಾದದ್ದುಂಟು. ನಮ್ಮಂಥ ಊರುಗಳಲ್ಲಿ ಮಾನಸಿಕ ತಜ್ಞರ ಬಾಗಿಲಲ್ಲಿ ನಿಂತವನನ್ನು ಹತ್ತು ಜನ ಗುರುತಿಸುತ್ತಾರೆ. ಸಂಜೆಯೊಳಗೆ ಸುದ್ದಿ ಓಣಿಗೆ ಮುಟ್ಟುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಕರೆಮಾಡುವ ವಿದ್ಯಾರ್ಥಿಗೆ ಆ ಅಂಜಿಕೆಯಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ ನಡೆಯುವ ಈ ಸೇವೆಯನ್ನು ಪ್ರತಿ ಕಾಲೇಜಿನ ಸೂಚನಾಫಲಕದ ಮೇಲೆ ಬರೆಸಬೇಕೆಂದು ನಾನು ಸಹೋದ್ಯೋಗಿಗಳಿಗೆ ಹೇಳುತ್ತಿರುತ್ತೇನೆ. ಎದುರಿಗೆ ಕುಳಿತವರ ಮುಂದೆ ಹೇಳಲಾಗದ ಮಾತು ಕಾಣದವರ ಮುಂದೆ ಹೊರಬರುತ್ತದೆ.

ಅಸಮಾಧಾನಗಳೂ ಇಷ್ಟೇ ನಿಜವಾದವು. ವಯಸ್ಸಾದವರು ಫೋನೆಂದರೆ ಕಿವಿಗೆ ಹಿಡಿಯುವ ವಸ್ತುವೆಂದೇ ತಿಳಿದವರು. ವೈದ್ಯರು ನಾಲಗೆ ತೋರಿಸಿರೆಂದಾಗಲೂ ಫೋನನ್ನು ಕಿವಿಯಿಂದ ತೆಗೆಯದೆ, ಆ ಕಡೆಯವರಿಗೆ ಕಿವಿಯ ದರ್ಶನವನ್ನಷ್ಟೇ ಮಾಡಿಸಿದ ಅಜ್ಜಂದಿರ ಕಥೆ ನಗೆಯನ್ನು ತಂದರೂ ಮರುಕವನ್ನೂ ತರುತ್ತದೆ. ರಕ್ತ ಕಡಿಮೆಯಾಗಿದೆಯೇ ಎಂದು ನೋಡಲು ವೈದ್ಯನು ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ನೋಡುತ್ತಾನೆ. ಹಳದಿ ದೀಪದ ಬೆಳಕಿನಲ್ಲಿ ಪರದೆಯ ಮೇಲೆ ಎಲ್ಲರ ಕಣ್ಣೂ ಕಾಮಾಲೆಯ ಕಣ್ಣಾಗಿ ತೋರುತ್ತದೆ. ಹೊಟ್ಟೆಯ ನೋವಿನವನ ಹೊಟ್ಟೆಯನ್ನು ಮೆಲ್ಲನೆ ಒತ್ತಿ, ಬಿಡುವಾಗ ನೋವು ಹೆಚ್ಚಾಯಿತೇ ಎಂದು ನೋಡುವುದು ಅಪೆಂಡಿಕ್ಸಿನ ಉರಿಯೂತವನ್ನು ಅನುಮಾನಿಸುವ ಹಳೆಯ ವಿಧಾನ. ಪರದೆಯಾಚೆಯ ವೈದ್ಯನು “ನೀವೇ ಒತ್ತಿ ನೋಡ್ರಿ” ಎನ್ನಬೇಕಾಗುತ್ತದೆ. ನೋವಿನವನು ತನ್ನ ನೋವಿನ ಜಾಗವನ್ನು ತಾನೇ ಗಟ್ಟಿಯಾಗಿ ಒತ್ತಿಕೊಂಡಾನೆಯೇ? ಇನ್ನು ಗುಳಿಗೆಯನ್ನು ದಿನಕ್ಕೆ ಎಷ್ಟು ಸಲ ಎಂದು ಹೇಳುವ ಹೊತ್ತಿಗೇ ನೆಟ್‌ವರ್ಕ್ ಹೋಗುವುದು ಹಳ್ಳಿಯವರಿಗೆ ಹೊಸದಲ್ಲ. ಕೊನೆಗೆ ಬರುವ ಮದ್ದಿನ ಚೀಟಿ ಇಂಗ್ಲಿಷಿನದು. ಅದನ್ನು ಓದಿ ಹೇಳುವವನು ಔಷಧದ ಅಂಗಡಿಯವನು.

ಹೆಣ್ಣುಮಕ್ಕಳ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಬಹಳ ಮನೆಗಳಲ್ಲಿ ಫೋನು ಮಗನದು, ಇಲ್ಲವೆ ಗಂಡನದು. ತಾಯಿ ಮಾತನಾಡುವಾಗ ಫೋನು ಹಿಡಿದು ನಿಲ್ಲುವವನು ಮಗ. “ಏನು ತ್ರಾಸು?” ಎಂದು ವೈದ್ಯರು ಕೇಳಿದರೆ “ನಡ ನೋಯ್ತೈತ್ರಿ” ಎಂಬ ಒಂದೇ ಮಾತು. ನಮ್ಮ ಕಡೆಯ ಹೆಣ್ಣುಮಕ್ಕಳ ಬಾಯಲ್ಲಿ ನಡ ನೋವೆಂಬುದು ಎಷ್ಟೋ ಸಲ ಬೇರೊಂದು ಮಾತಿಗೆ ಹೊದಿಸಿದ ಸೆರಗು. ಎದುರಿಗಿದ್ದ ಮನೆವೈದ್ಯನು, ಅಥವಾ ವೈದ್ಯೆಯು, ಮಗನನ್ನು ನೀರು ತರಲು ಕಳಿಸಿ ಆ ಸೆರಗನ್ನು ಸರಿಸಬಲ್ಲರು. ಪರದೆಯ ವೈದ್ಯನಿಗೆ ಮಗನನ್ನು ಹೊರಗೆ ಕಳಿಸುವ ಉಪಾಯವಿಲ್ಲ. ಕಳಿಸಿದರೆ ಫೋನೂ ಹೊರಗೆ ಹೋಗುತ್ತದೆ! ಹೀಗೆ ಮೂರು ನಿಮಿಷದಲ್ಲಿ ನೋವಿನ ಗುಳಿಗೆಯನ್ನು ಪಡೆದು ಆಕೆ ಎದ್ದು ಹೋಗುತ್ತಾಳೆ. ಲೆಕ್ಕದಲ್ಲಿ ಒಂದು ಸಮಾಲೋಚನೆ ಸೇರುತ್ತದೆ, ರೋಗ ಹಾಗೆಯೇ ಉಳಿಯುತ್ತದೆ.

ಭಾಷೆಯ ಪ್ರಶ್ನೆಯು ಇಲ್ಲಿಯೇ ತೀವ್ರವಾಗಿ ಎದುರಾಗುವುದು. ಪರದೆಯಾಚೆಗೆ ಸಿಕ್ಕುವ ವೈದ್ಯರು ನಮ್ಮ ಜಿಲ್ಲೆಯವರೇ ಆಗಿರಬಹುದು, ಬೇರೆ ಸೀಮೆಯವರೂ ಆಗಿರಬಹುದು. ಮುಂಡರಗಿಯ ಕಡೆಯವನು “ಜಡ್ಡಾಗೈತ್ರಿ” ಎಂದರೆ ಅವನಿಗೆ ಕಾಯಿಲೆಯಾಗಿದೆಯೆಂದು ಅರ್ಥ. ದಕ್ಷಿಣದ ಕಿವಿಗೆ ಅದು ಅಂಗಾಲಿನ ಚರ್ಮ ಒರಟಾಗಿ ಜಡ್ಡುಗಟ್ಟಿದಂತೆ ಕೇಳಿಸೀತು. “ದಮ್ಮು ಹತ್ತೈತಿ” ಎಂದರೆ ಉಸಿರಾಟದ ಕಷ್ಟ. “ಸಂಕಟ ಆಗತೈತಿ” ಎಂದರೆ ಹೊಟ್ಟೆ ತೊಳಸಿದಂತಾಗುವುದು. ಪುಸ್ತಕದ ಕನ್ನಡದಲ್ಲಿ ಸಂಕಟವೆಂದರೆ ದುಃಖ. “ಚಳಕು ಹೊಡಿತೈತಿ”, “ಕೈಕಾಲು ಜುಮುಜುಮು ಅಂತಾವು”, “ಕಣ್ಣಿಗೆ ಕತ್ತಲಿ ಬರತೈತಿ” ಎಂಬ ಮಾತುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ರೋಗಲಕ್ಷಣಗಳಿವೆ. ಎದೆ ನೋವಿದೆಯೇ ಎಂದು ವೈದ್ಯರು ಕೇಳಿದರೆ “ಇಲ್ರಿ, ಬರೇ ಎದಿ ಉರಿತೈತಿ, ಬೆವರು ಬರತೈತಿ” ಎಂದು ಉತ್ತರಿಸುವವನಿಗೆ ಹೊಟ್ಟೆಯ ಹುಳಿತೇಗಿನ ಗುಳಿಗೆ ದೊರೆಯುವ ಸಂಭವವುಂಟು. ಹೃದಯಾಘಾತವು ಹಲವರಲ್ಲಿ ಉರಿಯಂತೆ, ಬೆವರಿನಂತೆ, ಸುಸ್ತಿನಂತೆ ಕಾಣಿಸಿಕೊಳ್ಳುತ್ತದೆಂಬುದು ವೈದ್ಯರೆಲ್ಲರೂ ಬಲ್ಲ ಸಂಗತಿ. ಎದುರಿಗಿದ್ದರೆ ಬೆವೆತ ತಣ್ಣನೆಯ ಅಂಗೈಯೇ ಎಲ್ಲವನ್ನೂ ಹೇಳುತ್ತಿತ್ತು. ಪರದೆಯಲ್ಲಿ ಆ ಅಂಗೈಯ ಕೆಲಸವನ್ನು ಒಂದು ಶಬ್ದವು ಮಾಡಬೇಕು. ಆ ಶಬ್ದ ಕೇಳುವವನಿಗೆ ತಿಳಿಯಬೇಕು.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡನು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಮಹಾಕವಿಯೊಬ್ಬನಿಗೆ ಮಹಾಭಾರತವನ್ನು ಹೇಳಲು ಸಾಕಾದ ಆ ನೆಲದ ನುಡಿ ಇಂದು ಅಲ್ಲಿಯ ಮುದುಕಿಯೊಬ್ಬಳಿಗೆ ತನ್ನ ಎದೆಯುರಿಯನ್ನು ಹೇಳಿಕೊಳ್ಳಲು ಸಾಲದೆ ಹೋಗುವುದೆಂದರೆ ದೋಷವು ನುಡಿಯದಲ್ಲ. ಕೇಳುವ ಕಿವಿಯನ್ನು ನಾವು ಸಿದ್ಧಗೊಳಿಸಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಓದಿ, ಲೇಖಕನು ಹಳೆಯದನ್ನೇ ಹಾಡಿಹೊಗಳುವವನೆಂದು ಯಾರೂ ಭಾವಿಸದಿರಲಿ. ಎದುರಾ ಎದುರು ನಡೆಯುವ ಭೇಟಿಯಲ್ಲಿಯಾದರೂ ಸ್ಪರ್ಶನವು ಎಷ್ಟು ಉಳಿದಿದೆ? 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 67 ದೇಶಗಳ ಪ್ರಾಥಮಿಕ ಚಿಕಿತ್ಸೆಯ ಭೇಟಿಯ ಅವಧಿಯನ್ನು ಹೋಲಿಸಿತು. ಸ್ವೀಡನ್ನಿನಲ್ಲಿ ಅದು 22 ನಿಮಿಷಕ್ಕೂ ಹೆಚ್ಚು, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಮ್ಮಲ್ಲಿ ಎರಡು ನಿಮಿಷದ ಆಸುಪಾಸು. ಎರಡು ನಿಮಿಷದಲ್ಲಿ ಯಾರ ನಾಡಿಯನ್ನು ಹಿಡಿಯುವುದು, ಯಾರ ಮಾತನ್ನು ಕೇಳುವುದು? ಸರಕಾರಿ ದವಾಖಾನೆಯ ಸಂತೆಯಂಥ ಗದ್ದಲದಲ್ಲಿ ಚೀಟಿಯ ಮೇಲಿನಿಂದ ಕಣ್ಣೆತ್ತದ ವೈದ್ಯನನ್ನು ಕಂಡವಳೊಬ್ಬಳು, ವಿಡಿಯೋ ಭೇಟಿಯ ತರುವಾಯ, “ಇವರು ನನ್ನ ಮಾರಿ ನೋಡಿ ಮಾತಾಡಿದ್ರು” ಎಂದು ಸಮಾಧಾನಪಟ್ಟರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಹತ್ತಿರವಿದ್ದೂ ದೂರವಾಗುವುದುಂಟು, ದೂರವಿದ್ದೂ ಹತ್ತಿರವಾಗುವುದುಂಟು.

ವೈದ್ಯನ ಮತ್ತು ರೋಗಿಯ ನಡುವೆ ಯಂತ್ರವು ಬಂದು ನಿಂತದ್ದೂ ಇದೇ ಮೊದಲಲ್ಲ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯನು, ತರುಣಿಯ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು, ಕಾಗದವನ್ನು ಕೊಳವೆಯಾಗಿ ಸುತ್ತಿ ಅದರ ಮೂಲಕ ಹೃದಯದ ಬಡಿತವನ್ನು ಆಲಿಸಿದನು. ಇಂದು ವೈದ್ಯನ ಕೊರಳಿನ ಹಾರವಾಗಿರುವ ಸ್ಟೆತೊಸ್ಕೋಪು ಹುಟ್ಟಿದ್ದು ದೂರವನ್ನು ಕಾಯ್ದುಕೊಳ್ಳಲೆಂದೇ! ಆದರೆ ಆ ದೂರದಿಂದ ಅವನಿಗೆ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. 1879ರಷ್ಟು ಹಿಂದೆಯೇ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಟೆಲಿಫೋನಿನಲ್ಲಿ ಕೂಸಿನ ಕೆಮ್ಮನ್ನು ಕೇಳಿ ಅದು ಭಯಪಡುವ ರೋಗವಲ್ಲವೆಂದು ಮನೆಯವರಿಗೆ ಧೈರ್ಯ ಹೇಳಿದ ವೈದ್ಯನ ಸಂಗತಿ ಬಂದಿತ್ತು. ದನಿಯಲ್ಲಿ ಏನೇನು ಅಡಗಿದೆಯೆಂಬುದನ್ನು ಗದಗಿನವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ವೀರೇಶ್ವರ ಪುಣ್ಯಾಶ್ರಮದಲ್ಲಿ ದನಿಯಿಂದಲೇ ಶಿಷ್ಯರನ್ನು ತಿದ್ದಿದ ಊರು ಇದು. ಒಂದು ಇಂದ್ರಿಯ ಇಲ್ಲವಾದಾಗ ಇನ್ನೊಂದನ್ನು ಹರಿತಗೊಳಿಸಬಹುದು. ಅದಕ್ಕೆ ಸಾಧನೆ ಬೇಕು, ಗುರು ಬೇಕು, ಕಾಲ ಬೇಕು. ವಿಡಿಯೋದ ವೈದ್ಯಕ್ಕೆ ನಾವು ಯಂತ್ರವನ್ನು ಕೊಟ್ಟಿದ್ದೇವೆ, ಸಾಧನೆಯನ್ನು ಕೊಟ್ಟಿಲ್ಲ.

ಹಾಗಾದರೆ ಈ ಪರದೆ ಎಲ್ಲಿ ಸಾರ್ಥಕವಾಗುತ್ತದೆ? ನನ್ನ ಅಭಿಪ್ರಾಯವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಕೈಯು ಮೊದಲು ಹೋಗಿಬಂದ ಕಡೆಗೆ ಪರದೆಯು ತರುವಾಯ ಹೋಗಬಹುದು. ಮಾರ್ಗಸೂಚಿಗಳ ಒಳಗಿನ ತರ್ಕವೂ ಬಹುಮಟ್ಟಿಗೆ ಇದೇ. ಕೆಲವು ಔಷಧಗಳನ್ನು ಮೊದಲ ಸಮಾಲೋಚನೆಯಲ್ಲಿ ಬರೆದುಕೊಡಬೇಕಾದರೆ ಬರಿಯ ದನಿ ಸಾಲದು, ಮುಖ ಕಾಣುವ ವಿಡಿಯೋವೇ ಬೇಕೆಂದು ಅವು ಹೇಳುತ್ತವೆ. ಮತ್ತೆ ಕೆಲವು ಔಷಧಗಳನ್ನು, ಅದೇ ಕಾಯಿಲೆಗಾಗಿ ಆರು ತಿಂಗಳೊಳಗೆ ರೋಗಿಯನ್ನು ಎದುರಿಗೆ ಕಂಡ ಅದೇ ವೈದ್ಯನು ಮುಂದುವರಿದ ಚಿಕಿತ್ಸೆಯಲ್ಲಿ ಮಾತ್ರ ಬರೆಯಬಹುದು. ದೂರದಿಂದ ತಿಳಿಯದೆಂದು ತೋರಿದರೆ ಎದುರಿಗೆ ಬರಲು ಹೇಳುವ ಅಧಿಕಾರವನ್ನೂ ವೈದ್ಯನಿಗೆ ಕೊಟ್ಟಿವೆ. ಎಂದರೆ ನಿಯಮವು ಒಬ್ಬನೇ ವೈದ್ಯನನ್ನು, ಮುಂದುವರಿಯುವ ಪರಿಚಯವನ್ನು ಮನಸ್ಸಿನಲ್ಲಿಟ್ಟುಕೊಂಡಿದೆ. ನಮ್ಮ ಆಚರಣೆಯೋ ಪ್ರತಿ ಸಲವೂ ಹೊಸ ಮುಖವನ್ನು ಪರದೆಯ ಮೇಲೆ ತಂದು ನಿಲ್ಲಿಸುತ್ತದೆ. ಹೊಸಬನ ಮುಂದೆ ರೋಗಿ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕು. ಮೂರನೆಯ ಸಲಕ್ಕೆ ಅವನಿಗೇ ಬೇಸರವಾಗಿ ಅರ್ಧವನ್ನು ಬಿಟ್ಟುಬಿಡುತ್ತಾನೆ.

ಇಂಗ್ಲೆಂಡಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಂದಿನಿಂದ ಜನರು ತಮ್ಮ ಊರಿನ ವೈದ್ಯರಲ್ಲಿ ಹೆಸರು ನೋಂದಾಯಿಸಿಕೊಳ್ಳುವ ಪದ್ಧತಿಯಿದೆ. 2020ರಲ್ಲಿ ಅಲ್ಲಿಯೂ ಭೇಟಿಗಳು ದೂರದಿಂದ ನಡೆದವು. ವಿಡಿಯೋಗಿಂತ ದೂರವಾಣಿಯೇ ಹೆಚ್ಚು ಬಳಕೆಗೆ ಬಂತು. ಆದರೆ ಅಲ್ಲಿಯ ರೋಗಿಯ ಹಿಂದಿನ ವೃತ್ತಾಂತವೆಲ್ಲ ಆ ವೈದ್ಯಾಲಯದ ದಾಖಲೆಯಲ್ಲಿರುತ್ತದೆ. ಒಬ್ಬನೇ ವೈದ್ಯನನ್ನು ಕಾಣುತ್ತಿರುವುದರ ಬೆಲೆಯೆಷ್ಟೆಂಬುದನ್ನು 2018ರ ಸಮೀಕ್ಷೆಯೊಂದು ತೋರಿಸಿತು. ಒಂಬತ್ತು ದೇಶಗಳ 22 ಅಧ್ಯಯನಗಳನ್ನು ಪರಿಶೀಲಿಸಿದಾಗ, 18ರಲ್ಲಿ, ವೈದ್ಯನು ಬದಲಾಗದೆ ಇರುವುದಕ್ಕೂ ಸಾವಿನ ಪ್ರಮಾಣ ಕಡಿಮೆಯಾಗಿರುವುದಕ್ಕೂ ಸಂಬಂಧ ಕಂಡುಬಂತು. ನಮ್ಮ ಹಳ್ಳಿಯವರು ಕೈಗುಣವೆಂಬ ಶಬ್ದದಲ್ಲಿ ಹೇಳುತ್ತ ಬಂದದ್ದನ್ನು ವಿದ್ವಾಂಸರು ಅಂಕಿಗಳಲ್ಲಿ ಹೇಳಿದರೆಂದು ನಾನು ತಿಳಿಯುತ್ತೇನೆ.

ಆದ್ದರಿಂದ ಆಗಬೇಕಾದ್ದು ಇಷ್ಟು. ಮೊದಲನೆಯದಾಗಿ, ರೋಗಿಯನ್ನು ಒಮ್ಮೆಯಾದರೂ ಎದುರಿಗೆ ಕಂಡ ವೈದ್ಯನೇ ಪರದೆಯ ಮೇಲೂ ಅವನಿಗೆ ದೊರೆಯುವಂತೆ ಸರಕಾರಿ ಏರ್ಪಾಡಿನಲ್ಲಿ ಪ್ರಯತ್ನ ನಡೆಯಬೇಕು. ತಾಲೂಕಿನ ದವಾಖಾನೆಯ ವೈದ್ಯರೇ ಆ ತಾಲೂಕಿನ ಹಳ್ಳಿಗಳಿಗೆ ಸಿಕ್ಕುವಂತಾದರೆ ಅರ್ಧ ಕೆಲಸ ಆದಂತೆ. ಎರಡನೆಯದಾಗಿ, ರೋಗಿಯ ಪಕ್ಕದಲ್ಲಿ ಒಂದು ಕೈ ಇರಬೇಕು. ಹಳ್ಳಿಯ ಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯೋ ದಾದಿಯೋ ಬಿಪಿ ನೋಡಿ, ಹೊಟ್ಟೆ ಒತ್ತಿ, ಕಾಲಿನ ಬಾವನ್ನು ಬೆರಳಿನಿಂದ ಅದುಮಿ ಕಂಡದ್ದನ್ನು ಹೇಳಿದರೆ ವೈದ್ಯನಿಗೆ ಎರವಲು ಕೈ ದೊರೆತಂತಾಗುತ್ತದೆ. ಅಲ್ಲಿ ಬಾಗಿಲು ಮುಚ್ಚುವ ಒಂದು ಕೋಣೆಯಿರಬೇಕು. ಹೆಣ್ಣುಮಕ್ಕಳ ಮಾತಿಗೆ ಮಗನೂ ಗಂಡನೂ ಹೊರಗೆ ನಿಲ್ಲಬೇಕು. ಮೂರನೆಯದಾಗಿ, ಮದ್ದಿನ ಹೆಸರು ಯಾವ ಲಿಪಿಯಲ್ಲಿದ್ದರೂ, ಅದನ್ನು ಯಾವಾಗ, ಎಷ್ಟು, ಎಷ್ಟು ದಿನ ತೆಗೆದುಕೊಳ್ಳಬೇಕೆಂಬುದು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಇರಬೇಕು. ಭೇಟಿ ಮುಗಿಯುವ ಮುನ್ನ ರೋಗಿಯಿಂದ ಅದನ್ನು ತಿರುಗಿ ಹೇಳಿಸಬೇಕು. ಪಾಠ ಹೇಳುವ ನಾವು ತರಗತಿಯಲ್ಲಿ ನಿತ್ಯ ಮಾಡುವ ಕೆಲಸವಿದು, ವೈದ್ಯರಿಗೂ ಅಸಾಧ್ಯವಾಗಲಾರದು. ಕೊನೆಯದಾಗಿ, ಎದುರಿಗೆ ಬಂದು ತೋರಿಸುತ್ತೇನೆಂದವನಿಗೆ ಪರದೆಯನ್ನು ಮುಂದೊಡ್ಡಿ ಬಾಗಿಲನ್ನು ಮುಚ್ಚಬಾರದು. ಹಣವಿದ್ದವನಿಗೆ ಕೈ, ಇಲ್ಲದವನಿಗೆ ಗಾಜು ಎಂಬ ಭೇದ ಹುಟ್ಟಿಕೊಂಡರೆ ಈ ಸಂಜೀವನಿ ತನ್ನ ಹೆಸರಿಗೇ ಎರವಾಗುತ್ತದೆ.

ವೈದ್ಯರಿಗೂ ಇಲಾಖೆಗೂ ಹೇಳಿ ಮುಗಿಸಿದರೆ ನಮ್ಮ ಕರ್ತವ್ಯ ತೀರಲಿಲ್ಲ. 2019ರಿಂದ ವೈದ್ಯಕೀಯ ಶಿಕ್ಷಣದ ಮೊದಲ ವರ್ಷದ ಆರಂಭದ ಪಾಠಗಳಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಸ್ಥಾನ ದೊರೆತಿದೆ. ಹೊರನಾಡಿನಿಂದ ಬಂದು ಗದಗಿನಲ್ಲಿ ಓದುವ ತರುಣರು ಆ ಪಾಠದಲ್ಲಿ ಯಾವ ಕನ್ನಡವನ್ನು ಕಲಿಯಬೇಕು? “ನಿಮ್ಮ ಹೆಸರೇನು, ಊರು ಯಾವುದು” ಎಂಬುದರಾಚೆಗೆ, ಚಳಕಿಗೂ ಕಡಿತಕ್ಕೂ ಇರುವ ಅಂತರವನ್ನು, ಸಂಕಟಕ್ಕೂ ದಮ್ಮಿಗೂ ಇರುವ ಅಂತರವನ್ನು ಅವರಿಗೆ ಕಲಿಸುವ ಪುಸ್ತಕವನ್ನು ಬರೆಯಬೇಕಾದವರು ಯಾರು? ಅದು ಕನ್ನಡ ವಿಭಾಗಗಳ ಕೆಲಸ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಮನೆಯ ಅಜ್ಜಿಯರ ಬಾಯಿಂದ, ಸೂಲಗಿತ್ತಿಯರ ಬಾಯಿಂದ, ಹೊಲದಲ್ಲಿ ದುಡಿಯುವವರ ಬಾಯಿಂದ ನೋವಿನ ಮಾತುಗಳನ್ನು ಬರೆದುಕೊಂಡು ಬರಲಿ. ಯಾವ ಮಾತು ಯಾವ ಅಂಗಕ್ಕೆ, ಯಾವ ಬಗೆಯ ನೋವಿಗೆ, ಯಾವುದನ್ನು ಮರೆಮಾಚಲು ಬಳಕೆಯಾಗುತ್ತದೆಂಬುದನ್ನು ಊರಿನ ವೈದ್ಯರೊಡನೆ ಕುಳಿತು ನಿರ್ಧರಿಸಲಿ. ಗಾದೆಗಳನ್ನು, ಒಗಟುಗಳನ್ನು, ಹಂತಿಯ ಹಾಡುಗಳನ್ನು ಸಂಗ್ರಹಿಸಿದ ಪರಂಪರೆ ನಮ್ಮದು. ನರಳಿಕೆಯ ನುಡಿಗಳನ್ನು ಮಾತ್ರ ನಾವು ಕೈಬಿಟ್ಟಿದ್ದೇವೆ. ಇನ್ನೂರು ಮುನ್ನೂರು ಶಬ್ದಗಳ ಒಂದು ಕಿರುಹೊತ್ತಗೆಯಾದರೂ ಸಾಕು. ವೈದ್ಯನ ಮೇಜಿನ ಮೇಲೆ, ಆ ಗಾಜಿನ ಪರದೆಯ ಪಕ್ಕದಲ್ಲಿ ಅದು ಇದ್ದರೆ, ಮುಂದಿನ ಬಾರಿ ಯಾರಾದರೂ “ಎದಿ ಉರಿತೈತ್ರಿ” ಎಂದಾಗ ವೈದ್ಯನು ಇನ್ನೊಂದು ಪ್ರಶ್ನೆಯನ್ನು ಕೇಳಿಯಾನು. ಆ ಇನ್ನೊಂದು ಪ್ರಶ್ನೆಯ ಮೇಲೆ ಒಂದು ಮನೆಯ ಭಾಗ್ಯ ನಿಂತಿರುವುದು ಸಾಧ್ಯ.